ನನ್ನ ವರದಿಯಲ್ಲಿ ಇಲ್ಲದವಳು

ಆ ವರದಿಯಲ್ಲಿ ಒಂದು ತಪ್ಪೂ ಇರಲಿಲ್ಲ. ಪ್ರತಿ ಸಂಗತಿಯನ್ನೂ ಕನಿಷ್ಠ ಇಬ್ಬರಿಂದ ಕೇಳಿ ಖಚಿತಪಡಿಸಿಕೊಂಡಿದ್ದೆ. ಯಾರ ಮಾತನ್ನೂ ತಿರುಚಿರಲಿಲ್ಲ. ಅಚ್ಚಾದ ಮೇಲೆ ಆಕ್ಷೇಪ ಹೇಳಿ ಒಬ್ಬರೂ ಫೋನ್ ಮಾಡಲಿಲ್ಲ. ನಾಸಿಕ್‌ನ ಮರಾಠಿ ದಿನಪತ್ರಿಕೆಯೊಂದರಲ್ಲಿ ಇಪ್ಪತ್ತೆರಡು ವರ್ಷ ದುಡಿದ ನನಗೆ ಒಂದು ವರದಿಯ ಬಗ್ಗೆ ಇದಕ್ಕಿಂತ ಹೆಚ್ಚಿನ ಸಮಾಧಾನ ಇರಲಾರದು. ಅದೇ ವರದಿ ನನ್ನ ತಂಗಿಯ ಹದಿನಾಲ್ಕು ವರ್ಷದ ಕೆಲಸವನ್ನು ಕಿತ್ತುಕೊಂಡಿತು.

ತಂಗಿ ಇರುವುದು ಛತ್ರಪತಿ ಸಂಭಾಜಿನಗರದಲ್ಲಿ. ಅಲ್ಲಿನ ಒಂದು ವಿಶ್ವವಿದ್ಯಾಲಯದ ಸಸ್ಯರೋಗ ವಿಭಾಗದ ಪ್ರಯೋಗಾಲಯದಲ್ಲಿ ಟೆಕ್ನಿಷಿಯನ್ ಆಗಿದ್ದಳು. ವಿಶ್ವವಿದ್ಯಾಲಯದ ಹೆಸರು ಬರೆಯುವುದಿಲ್ಲ, ಯಾರ ಹೆಸರನ್ನೂ ಬರೆಯುವುದಿಲ್ಲ, ವಿಷಯ ಕೋರ್ಟಿನಲ್ಲಿದೆ. ಅವಳದು ಗುತ್ತಿಗೆ ಕೆಲಸ. ಹನ್ನೊಂದು ತಿಂಗಳ ಆದೇಶ, ನಡುವೆ ಕೆಲವು ದಿನ ಖಾಲಿ, ಮತ್ತೆ ಹನ್ನೊಂದು ತಿಂಗಳ ಆದೇಶ. ಆ ಖಾಲಿ ದಿನಗಳು ಯಾಕೆ ಎಂದು ಗುತ್ತಿಗೆಯಲ್ಲಿ ದುಡಿಯುವವರಿಗೆಲ್ಲ ಗೊತ್ತು. ಸತತವಾಗಿ ದುಡಿದೆ, ಕಾಯಂ ಮಾಡಿ ಎಂದು ಯಾರೂ ಕೇಳಬಾರದು, ಅದಕ್ಕೆ.

ನಾವು ಬೀದರ್ ಜಿಲ್ಲೆಯವರು. ಅಪ್ಪ ನಾಸಿಕ್ ಹತ್ತಿರದ ಓಝರ್‌ನ ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ. ನಾನೂ ತಂಗಿಯೂ ಬೆಳೆದದ್ದು ಆ ಕಾರ್ಖಾನೆಯ ಕಾಲೊನಿಯಲ್ಲಿ, ಮನೆಯೊಳಗೆ ಕನ್ನಡ, ಬಾಗಿಲು ದಾಟಿದರೆ ಮರಾಠಿ. ನಾನು ಪತ್ರಿಕೆಗೆ ಸೇರಿದೆ. ಅವಳು ಬಿಎಸ್ಸಿ ಮಾಡಿ, ಸಂಭಾಜಿನಗರಕ್ಕೆ ಮದುವೆಯಾಗಿ ಹೋಗಿ, ಅಲ್ಲಿ ಈ ಕೆಲಸ ಹಿಡಿದಳು. ಅಪ್ಪ ಇದ್ದಷ್ಟು ದಿನ ತಮಾಷೆ ಮಾಡುತ್ತಿದ್ದ: “ಮಂದಿ ದನಾ ಸಾಕ್ತಾರ, ಕೋಳಿ ಸಾಕ್ತಾರ. ನನ್ನ ಮಗಳು ಬೂಷ್ಟ ಸಾಕ್ತಾಳ.”

ಅಪ್ಪ ಹೇಳಿದ್ದು ನಿಜವೇ. ಬೆರಳುದ್ದದ ಗಾಜಿನ ನಳಿಕೆಗಳಲ್ಲಿ ಅಗರ್ ಎಂಬ ಪಾರದರ್ಶಕ ಹೆಪ್ಪಿನ ಮೇಲೆ ಶಿಲೀಂಧ್ರಗಳನ್ನು ಬೆಳೆಸಿ, ಫ್ರಿಜ್ಜಿನಲ್ಲಿಟ್ಟು ಕಾಪಾಡುವುದು ಅವಳ ಕೆಲಸ. ದ್ರಾಕ್ಷಿ, ದಾಳಿಂಬೆ, ಈರುಳ್ಳಿ, ಮೋಸಂಬಿ ಬೆಳೆಗಳಿಗೆ ಬರುವ ರೋಗಗಳ ತಳಿಗಳು ಅವು. ಕೆಲವನ್ನು ಸಂಗ್ರಹಿಸಿದ ಪ್ರಾಧ್ಯಾಪಕರು ತೀರಿಹೋಗಿದ್ದಾರೆ. ಕೆಲವು ಬಂದ ತೋಟಗಳಲ್ಲಿ ಈಗ ಮನೆಗಳೆದ್ದಿವೆ. ಮೂರು ತಿಂಗಳಿಗೊಮ್ಮೆ ಪ್ರತಿ ತಳಿಯನ್ನು ಹಳೆಯ ನಳಿಕೆಯಿಂದ ಹೊಸದಕ್ಕೆ ದಾಟಿಸಬೇಕು. ದಾಟಿಸದಿದ್ದರೆ ಅಗರ್ ಒಣಗುತ್ತದೆ, ತಳಿ ಸಾಯುತ್ತದೆ. ಮತ್ತೆ ಎಲ್ಲಿಂದಲೂ ತರಲಾಗುವುದಿಲ್ಲ. ದೀಪದ ಉರಿಯ ಪಕ್ಕದಲ್ಲಿ, ಉಸಿರು ಬಿಗಿಹಿಡಿದು, ಸೂಜಿಯ ತುದಿಯಲ್ಲಿ ಒಂದು ಚುಕ್ಕಿಯನ್ನು ದಾಟಿಸುವ ಈ ಕೆಲಸವನ್ನು ಹದಿನಾಲ್ಕು ವರ್ಷ ಅವಳೊಬ್ಬಳೇ ಮಾಡಿದಳು. ಪ್ರಾಧ್ಯಾಪಕರು ಬಂದರು, ಹೋದರು. ಸಂಶೋಧನೆಯ ವಿದ್ಯಾರ್ಥಿಗಳು ಡಾಕ್ಟರೇಟು ತೆಗೆದುಕೊಂಡು ಹೋದರು. ನಳಿಕೆಗಳ ಚೀಟಿಯ ಮೇಲಿನ ಅಕ್ಷರ ಮಾತ್ರ ಬದಲಾಗಲಿಲ್ಲ.

ಕಷ್ಟದ ವರ್ಷ ಬಂದದ್ದು ಸುತ್ತೋಲೆಯ ರೂಪದಲ್ಲಿ. ಅನುದಾನದ ಎರಡನೆಯ ಕಂತು ಬರುವುದಿಲ್ಲ, ವಿಭಾಗಗಳು ಸ್ವಂತ ಕಾಲ ಮೇಲೆ ನಿಲ್ಲುವುದನ್ನು ಕಲಿಯಬೇಕು ಎಂದು ಅದರಲ್ಲಿತ್ತು. ಅದೇ ವರ್ಷ ಪ್ರವೇಶ ಕಡಿಮೆಯಾಗಿತ್ತು, ನಡೆಯುತ್ತಿದ್ದ ಎರಡು ಸಂಶೋಧನಾ ಯೋಜನೆಗಳು ಮುಗಿದಿದ್ದವು. ಗಾಜಿನ ಸಾಮಾನನ್ನು ಹಬೆಯಲ್ಲಿ ಶುದ್ಧಿ ಮಾಡುವ ಯಂತ್ರ ಕೆಟ್ಟಿತು. ರಿಪೇರಿಗೆ ಮಂಜೂರಾತಿ ಸಿಗಲಿಲ್ಲ. ಅಗರ್ ಡಬ್ಬಿ ತಳ ಕಂಡಿತು. ಸರಿಯಾಗಿ ಆಗಲೇ ತಂಗಿಯ ಹನ್ನೊಂದು ತಿಂಗಳ ಆದೇಶವೂ ಮುಗಿಯಿತು.

ವಿಭಾಗದ ಮುಖ್ಯಸ್ಥರು ಮರಾಠಿಗರು, ತಂಗಿಗಿಂತ ಹತ್ತು ವರ್ಷ ದೊಡ್ಡವರು. ಆದರೂ ಗೌರವಕ್ಕೆಂದು ಅವಳನ್ನು ಮರಾಠಿಯಲ್ಲಿ ಅಕ್ಕಾ ಎನ್ನುತ್ತಿದ್ದರು. “ಕಡತ ಹಣಕಾಸು ಸಮಿತಿಯ ಮುಂದಿದೆ, ಅಕ್ಕಾ. ಆದೇಶ ಹಿಂದಿನ ತಾರೀಖಿನಿಂದಲೇ ಬರುತ್ತದೆ. ನೀವು ಬರ್ತಾ ಇರಿ” ಎಂದರು. ಅವಳು ಹೋಗುತ್ತಿದ್ದಳು. ಆದೇಶ ಇಲ್ಲವಾದ್ದರಿಂದ ಹಾಜರಿ ಪುಸ್ತಕದಲ್ಲಿ ಹೆಸರಿಲ್ಲ, ಸಹಿ ಇಲ್ಲ, ಸಂಬಳವಂತೂ ಇಲ್ಲವೇ ಇಲ್ಲ.

ನಾನು ಫೋನಿನಲ್ಲಿ ಕೇಳಿದೆ: “ಆರ್ಡರ್ ಇಲ್ಲದ ಹ್ಯಾಂಗ ಹೋಗ್ತಿ?”

“ಹೋಗ್ಲಿಲ್ಲಂದ್ರ ಮುಂದಿನ ತಿಂಗಳ ದ್ರಾಕ್ಷಿ ಟ್ಯೂಬ್ ಎಲ್ಲಾ ಒಣಗ್ತಾವ ಅಣ್ಣಾ. ಆರ್ಡರ್ ಬಂದ ಮ್ಯಾಲ ಏನ್ ಇಟ್ಕೊಂಡು ಕೂಡ್ಲಿ?”

“ಸರ್‌ಗೆ ಬರದು ಕೊಡ್ರಿ ಅನ್ನು.”

“ಹಂಗ ಕೇಳಿದ್ರ ಅವರಿಗಿ ಬ್ಯಾಸರಾಗ್ತದ. ಮನಿಯವರಂಗ ಇದ್ದೀವಿ.”

ಮನೆಯವರ ಹಾಗೆ. ಈ ಮಾತು ಆಮೇಲೆ ಎಷ್ಟು ಸಲ ಕಿವಿಗೆ ಬಿತ್ತೋ ಲೆಕ್ಕವಿಟ್ಟಿಲ್ಲ.

ಆ ವರ್ಷ ಪ್ರಯೋಗಾಲಯ ಹೇಗೆ ನಡೆಯಿತು ಎಂಬುದು ನಿಜಕ್ಕೂ ಸುದ್ದಿಯಾಗುವಂಥದ್ದು. ಹಬೆಯ ಯಂತ್ರದ ಬದಲು ತಂಗಿ ಮನೆಯ ಪ್ರೆಶರ್ ಕುಕ್ಕರ್ ತಂದಳು. ಕಂಪನಿಯ ಅಗರ್ ಬದಲು ಗುಲ್ಮಂಡಿ ಪೇಟೆಯ ಕಿರಾಣಿ ಅಂಗಡಿಯಿಂದ ಚೈನಾ ಗ್ರಾಸ್ ಬಂತು. ಸಿಹಿತಿಂಡಿಗೆ ಹಾಕುವ ಅದೇ ಚೈನಾ ಗ್ರಾಸ್, ಹೆಪ್ಪುಗಟ್ಟಲು ಸ್ವಲ್ಪ ಹೆಚ್ಚು ಬೇಕು ಅಷ್ಟೆ. ಔಷಧದಂಗಡಿಯ ಗ್ಲೂಕೋಸ್ ಪುಡಿ ಬಂತು. ಇನ್ನು ಶಿಲೀಂಧ್ರಕ್ಕೆ ಬೇಕಾದ ಮುಖ್ಯ ಆಹಾರ ಆಲೂಗಡ್ಡೆ ಬೇಯಿಸಿದ ನೀರು. ಅದು ವಿಶ್ವವಿದ್ಯಾಲಯದ ಗೇಟಿನೆದುರಿನ ಹೋಟೆಲಿನಿಂದ ಬರುತ್ತಿತ್ತು. ಹೋಟೆಲು ಕುಂದಾಪುರ ಕಡೆಯವರದು. ಮಸಾಲೆ ದೋಸೆಯ ಪಲ್ಯಕ್ಕೆ ದಿನವೂ ಆಲೂಗಡ್ಡೆ ಬೇಯಿಸುತ್ತಾರೆ, ನೀರು ಚೆಲ್ಲುತ್ತಾರೆ. ತಂಗಿ ಆ ನೀರು ಕೇಳಿದಳು.

ಆಮೇಲೆ ನಾನು ಅಲ್ಲಿಗೆ ಹೋದಾಗ ಮಾಲೀಕರು ನನ್ನ ಮುಂದೆ ಹೇಳಿಕೊಂಡರು: “ಉಪ್ಪು ಹಾಕ್ಲಿಕ್ಕಿಲ್ಲ, ಸಿಪ್ಪೆ ತೆಗೆದು ಹೆಚ್ಚಿಯೇ ಬೇಯಿಸ್ಬೇಕು, ಚಮಚ ಅದ್ದಲಿಕ್ಕಿಲ್ಲ, ಬಿಸಿಯಲ್ಲೇ ಮುಚ್ಚಿಡ್ಬೇಕು. ಇಷ್ಟು ಕಂಡೀಷನ್ ಹೆಣ್ಣು ಕೊಡುವಾಗ ನನ್ನ ಮಾವ ಸಹ ಹಾಕ್ಲಿಲ್ಲ ಮಾರಾಯ್ರೆ. ನಿಮ್ಮ ತಂಗಿ ಬೂಷ್ಟಿಗೋಸ್ಕರ ಹಾಕಿದ್ರು.”

“ಮತ್ತೆ ಕೊಟ್ರಲ್ಲ?”

“ಕೊಡದೆ? ಹೆಚ್ಚಿ ಬೇಯಿಸಿದ್ರೆ ಪಲ್ಯ ಮುದ್ದೆಯಾಗ್ತದೆ ಅಂತ ಅಡುಗೆಭಟ್ಟ ಮೂರು ದಿನ ಮುಖ ಊದಿಸಿದ. ಈಗ ಅವನೇ ಕೇಳ್ತಾನೆ, ಬೂಷ್ಟಿನ ಅಮ್ಮ ಇವತ್ತು ಯಾಕೆ ಬರ್ಲಿಲ್ಲ ಅಂತ.”

ಅಷ್ಟರಲ್ಲಿ ನಾಸಿಕ್ ಜಿಲ್ಲೆಯ ನಿಫಾಡ್, ದಿಂಡೋರಿ ಕಡೆಯ ದ್ರಾಕ್ಷಿಗೆ ಕರಪಾ ಬಿತ್ತು. ಅಕಾಲ ಮಳೆ ಹೊಡೆದರೆ ಎಲೆ, ಕುಡಿ, ಕಾಯಿಗಳ ಮೇಲೆ ಸುಟ್ಟಂಥ ಚುಕ್ಕೆಗಳೇಳುವ ರೋಗವಿದು. ಹೊಡೆದ ಔಷಧ ಕೆಲಸ ಮಾಡುತ್ತಿರಲಿಲ್ಲ. ಬೆಳೆಗಾರರು ಎಲೆಗಳನ್ನು ಒದ್ದೆ ಪೇಪರಿನಲ್ಲಿ ಸುತ್ತಿಕೊಂಡು ಸಂಭಾಜಿನಗರದ ಈ ವಿಭಾಗಕ್ಕೆ ಹೋದರು. ಅಲ್ಲಿ ಹೊಸ ರೋಗವನ್ನು ಹಳೆಯ ತಳಿಗಳ ಜೊತೆ ಇಟ್ಟು ನೋಡಿ, ಯಾವ ಔಷಧ ಬೆರೆಸಿದ ಅಗರ್ ಮೇಲೆ ಅದು ಬೆಳೆಯುತ್ತದೆ, ಯಾವುದರ ಮೇಲೆ ಬೆಳೆಯುವುದಿಲ್ಲ ಎಂದು ಒಂದು ವಾರದಲ್ಲಿ ಹೇಳಿದರು. ಬೆಳೆಗಾರರು ಔಷಧ ಬದಲಿಸಿದರು, ಗೊಂಚಲು ಉಳಿದವು. ಅವರಲ್ಲೊಬ್ಬರು ಬುಟ್ಟಿ ದ್ರಾಕ್ಷಿ ಹಿಡಿದು ನಮ್ಮ ನಾಸಿಕ್ ಕಚೇರಿಗೆ ಬಂದು, ಈ ವಿಭಾಗದ ಬಗ್ಗೆ ಬರೆಯಿರಿ ಎಂದರು.

ಸಂಪಾದಕರು ನನ್ನನ್ನು ಕರೆದರು. ನಾನು ಕೂಡಲೇ ಹೇಳಿದೆ, ಅಲ್ಲಿ ನನ್ನ ತಂಗಿ ಕೆಲಸ ಮಾಡುತ್ತಾಳೆ ಎಂದು.

“ಹಾಗಾದರೆ ಬೇರೆಯವರಿಗೆ ಕೊಡಲಾ?”

ಬೇರೆಯವರು ಯಾರೂ ಇರಲಿಲ್ಲ. ವರದಿಗಾರರೆಲ್ಲ ಕುಂಭಮೇಳದ ಕಾಮಗಾರಿಯ ಹಿಂದೆ ತ್ರ್ಯಂಬಕೇಶ್ವರದ ರಸ್ತೆಯಲ್ಲಿದ್ದರು. ನಾನೇ ಹೇಳಿದೆ: “ನಾನು ಬರೆಯುತ್ತೇನೆ. ತಂಗಿಯನ್ನು ಬಿಟ್ಟು ಬರೆಯುತ್ತೇನೆ.”

ಇದನ್ನು ಯಾರೂ ನನ್ನ ಮೇಲೆ ಹೇರಲಿಲ್ಲ. ಭಾವಮೈದುನನ ಅಂಗಡಿ ಉದ್ಘಾಟನೆ, ಅತ್ತೆಯ ಭಜನಾ ಮಂಡಳಿ, ಇಂಥವನ್ನು ಸುದ್ದಿಯಾಗಿ ತಂದವರನ್ನು ಡೆಸ್ಕಿನಲ್ಲಿ ಕೂತು ನಾನು ಎಷ್ಟೋ ಸಲ ಹಂಗಿಸಿದ್ದೆ. ಅವರ ಎದುರು ನನ್ನ ಕೈ ಶುದ್ಧವಾಗಿರಬೇಕಿತ್ತು. ನನ್ನ ಕೈ ಶುದ್ಧವಾಗಿಯೇ ಉಳಿಯಿತು.

ಬೆಳಗಿನ ಸರಕಾರಿ ಎಸ್‌ಟಿ ಬಸ್ಸಿನಲ್ಲಿ ಹೊರಟು, ಯೇವಲಾ, ವೈಜಾಪುರ ದಾಟಿ ಹೋಗಿ, ಒಂದು ಇಡೀ ದಿನ ವಿಭಾಗದಲ್ಲಿ ಕಳೆದೆ. ಮುಖ್ಯಸ್ಥರ ಜೊತೆ ಮಾತಾಡಿದೆ, ಇಬ್ಬರು ಅಧ್ಯಾಪಕರ ಜೊತೆ, ನಾಲ್ಕು ವಿದ್ಯಾರ್ಥಿಗಳ ಜೊತೆ ಮಾತಾಡಿದೆ. ಕುಕ್ಕರ್ ಸೀಟಿ ಹೊಡೆಯುವುದನ್ನು ಎಣಿಸಿದೆ. ತಂಗಿ ಅಲ್ಲೇ ಓಡಾಡುತ್ತಿದ್ದಳು, ನನಗೆ ತೋರಿಸುತ್ತಿದ್ದಳು, ವಿವರಿಸುತ್ತಿದ್ದಳು. ನಾನು ಅದನ್ನೇ ಹೋಗಿ ಇನ್ನೊಬ್ಬರ ಬಾಯಿಂದ ಕೇಳಿ ಅವರ ಮಾತಾಗಿ ಬರೆದುಕೊಳ್ಳುತ್ತಿದ್ದೆ. ಫೋಟೋ ತೆಗೆಯುವಾಗ ಅವಳು ಕುಕ್ಕರಿನ ಪಕ್ಕದಲ್ಲಿ ನಿಂತಿದ್ದಳು.

“ನೀ ಸ್ವಲ್ಪ ಆ ಕಡೆ ಸರಿ” ಎಂದೆ.

“ಫೋಟೋದಾಗ ಕೈಯಾದ್ರೂ ಬರ್ಲಿ ಇಲ್ಲೋ?” ಎಂದು ನಕ್ಕಳು. ಸರಿದು ನಿಂತಳು. ಮುಖ್ಯಸ್ಥರಿಗೆ ಕೈಗವಸು ಹಾಕಿಸಿ, ನಳಿಕೆಯನ್ನು ಹೇಗೆ ಹಿಡಿಯಬೇಕೆಂದು ಅವಳೇ ತೋರಿಸಿದಳು. ಫೋಟೋ ಚೆನ್ನಾಗಿ ಬಂತು.

ಮುಖ್ಯಸ್ಥರು ಒಮ್ಮೆಯೂ, ಅಕ್ಕನ ಬಗ್ಗೆ ಒಂದು ಸಾಲು ಹಾಕಿ ಎನ್ನಲಿಲ್ಲ. ಆಗ ಅದನ್ನು ನಾನು ಅವರ ಸೂಕ್ಷ್ಮತೆ ಎಂದುಕೊಂಡೆ; ನನ್ನ ಇಕ್ಕಟ್ಟು ಅವರಿಗೆ ಅರ್ಥವಾಗಿದೆ ಎಂದುಕೊಂಡೆ. ಆದೇಶವಿಲ್ಲದ ಒಬ್ಬಳು ದಿನವೂ ಪ್ರಯೋಗಾಲಯದಲ್ಲಿ ದುಡಿಯುತ್ತಿದ್ದಾಳೆ ಎಂಬುದು ಪತ್ರಿಕೆಯಲ್ಲಿ ಬಂದರೆ ಉತ್ತರ ಕೊಡಬೇಕಾದವರು ಅವರು ಎಂಬುದು ನನಗೆ ಹೊಳೆಯಲಿಲ್ಲ. ಇಪ್ಪತ್ತೆರಡು ವರ್ಷದ ಅನುಭವ, ಆ ದಿನ ಹೊಳೆಯಲಿಲ್ಲ.

ವರದಿ ಭಾನುವಾರ ಅರ್ಧ ಪುಟ ಬಂತು. ಹಣವಿಲ್ಲದೆಯೂ ಒಂದು ದಿನವೂ ನಿಲ್ಲದ ವಿಭಾಗ ಎಂಬ ಶೀರ್ಷಿಕೆ ನಾನೇ ಕೊಟ್ಟದ್ದು. ಪ್ರಾಧ್ಯಾಪಕರು, ವಿದ್ಯಾರ್ಥಿಗಳು ಕೈಯಿಂದ ಖರ್ಚು ಮಾಡಿ, ಅಡುಗೆಮನೆಯ ಸಾಮಾನಿನಲ್ಲಿ ವಿಜ್ಞಾನ ನಡೆಸಿದ್ದನ್ನು ಬರೆದೆ. ಹೋಟೆಲಿನ ಆಲೂಗಡ್ಡೆ ನೀರನ್ನು ಬರೆದೆ. ಅದನ್ನು ತಂದವಳನ್ನು ಬರೆಯಲಿಲ್ಲ. ತಂಗಿ ಓದಿ ಫೋನ್ ಮಾಡಿ, “ಚಂದ ಬರದೀದಿ. ಮೀಟಿಂಗ್‌ನಾಗ ಸರ್‌ಗೆ ಉಪಯೋಗಾಗ್ತದ. ನನ್ನ ಆರ್ಡರೂ ಆಗ್ತದ ನೋಡು” ಎಂದಳು. ಮುಖ್ಯಸ್ಥರೂ ಫೋನ್ ಮಾಡಿ ಹೊಗಳಿದರು. ಹಣಕಾಸು ಸಮಿತಿಗೆ ಪ್ರತಿ ಕಳಿಸಿದ್ದೇನೆ ಎಂದರು.

ಸಮಿತಿ ಅದನ್ನು ಓದಿತು.

ಒಂದು ತಿಂಗಳ ಮೇಲೆ ತಂಗಿಯ ಫೋನ್ ಬಂತು. ನಾನು ಕೆಲಸದಲ್ಲಿದ್ದೆ. “ನಂದು ಆಗ್ಲಿಲ್ಲ” ಎಂದಳು. ಆದೇಶ ತಡವಾಗಿದೆ ಎಂದುಕೊಂಡು ಮುಂದಿನ ಸಭೆ ಯಾವಾಗ ಎಂದೆ. “ಮುಂದಿಂದ ಇಲ್ಲ ಅಣ್ಣಾ. ಪೋಸ್ಟೇ ತೆಗದಾರ.”

ಸಮಿತಿ ಸಭೆಯ ನಡಾವಳಿಯ ಪ್ರತಿ ಕೈಗೆ ಬಂದಾಗ ಒಂದು ಪ್ಯಾರಾ ಓದಿ ಮುಗಿಸಲು ನನಗೆ ಬಹಳ ಹೊತ್ತು ಬೇಕಾಯಿತು. ಕಠಿಣ ವರ್ಷದಲ್ಲೂ ವಿಭಾಗವು ಅನುಕರಣೀಯವಾದ ತಾಳಿಕೆಯನ್ನು ತೋರಿದೆ ಎಂದಿತ್ತು. ಗುತ್ತಿಗೆ ಟೆಕ್ನಿಷಿಯನ್ ಇಲ್ಲದ ಅವಧಿಯಲ್ಲೇ ಅದರ ಅತ್ಯುತ್ತಮ ಕೆಲಸ ನಡೆದಿರುವುದರಿಂದ ಆ ಹುದ್ದೆಯ ಅಗತ್ಯ ಕಂಡುಬರುವುದಿಲ್ಲ ಎಂದಿತ್ತು. ಸಾಮಗ್ರಿಗಳ ಖರ್ಚನ್ನು ಮುಂದಕ್ಕೂ ಆ ವರ್ಷದ ಮಟ್ಟದಲ್ಲೇ ನಿಗದಿಪಡಿಸಲಾಗಿದೆ ಎಂದೂ ಇತ್ತು. ಆಧಾರ: ವೃತ್ತಪತ್ರಿಕೆಯ ವರದಿ, ಲಗತ್ತಿಸಿದೆ.

ಕುಕ್ಕರಿನಲ್ಲಿ ನಡೆದದ್ದು ಕುಕ್ಕರಿನಲ್ಲೇ ನಡೆಯಲಿ ಎಂಬುದು ಇದರ ಅರ್ಥ. ಮಂದಿ ಹಸಿದುಕೊಂಡು ಹೇಗೋ ಬದುಕಿದರೆ ಅದು ಅವರ ಹಸಿವಿನ ಪುರಾವೆಯಾಗಬೇಕು. ಇಲ್ಲಿ ಅದು ಅವರಿಗೆ ಊಟ ಬೇಡವೆಂಬುದರ ಪುರಾವೆಯಾಯಿತು.

ಮರುದಿನ ರಜೆ ಹಾಕಿ ಸಂಭಾಜಿನಗರಕ್ಕೆ ಹೋದೆ. ಹಣಕಾಸು ಅಧಿಕಾರಿ ನನ್ನ ಹೆಸರು ಕೇಳಿದ ಕೂಡಲೇ ಒಳಗೆ ಕರೆದರು, ಚಹಾ ತರಿಸಿದರು. ಸೌಮ್ಯ ಮನುಷ್ಯ. ನನ್ನ ವರದಿ ಮೇಜಿನ ಮೇಲಿನ ಕಡತದಲ್ಲಿತ್ತು, ಕೆಲವು ಸಾಲುಗಳ ಮೇಲೆ ಹಳದಿ ಬಣ್ಣ ಬಳಿದಿತ್ತು. ಮಾತು ಮರಾಠಿಯಲ್ಲಿ ನಡೆಯಿತು.

“ಬಹಳ ಚೆನ್ನಾಗಿ ಬರೆದಿದ್ದೀರಿ. ಸಮಿತಿಯಲ್ಲಿ ನಾನೇ ಓದಿ ಹೇಳಿದೆ. ಬೇರೆ ವಿಭಾಗದವರಿಗೂ ಕಳಿಸಿದ್ದೇವೆ, ನೋಡಿ ಕಲಿಯಿರಿ ಅಂತ.”

“ಅಲ್ಲಿ ಟೆಕ್ನಿಷಿಯನ್ ಇದ್ದರು” ಎಂದೆ.

“ಆ ಅವಧಿಗೆ ಯಾರಿಗೂ ಆದೇಶ ಇಲ್ಲ.”

“ಆದೇಶ ಇರಲಿಲ್ಲ. ಅವರು ಇದ್ದರು. ದಿನವೂ ಬರುತ್ತಿದ್ದರು. ವರದಿಯಲ್ಲಿರುವ ಅರ್ಧಕ್ಕಿಂತ ಹೆಚ್ಚು ಕೆಲಸ ಅವರದು.”

ಅಧಿಕಾರಿ ಚಹಾದ ಕಪ್ಪು ಪಕ್ಕಕ್ಕಿಟ್ಟರು. “ಆದೇಶ ಇಲ್ಲದವರು ಪ್ರಯೋಗಾಲಯದೊಳಗೆ ಇದ್ದರು ಅಂದರೆ ಅದು ಅನಧಿಕೃತ ಪ್ರವೇಶವಾಗುತ್ತದೆ. ಹಾಗೆ ಬರೆದುಕೊಡುತ್ತೀರಾ? ಬರೆದುಕೊಟ್ಟರೆ ವಿಚಾರಣೆ ಮಾಡಿಸುತ್ತೇನೆ. ಆಮೇಲೆ ಆ ಹೆಣ್ಣುಮಗಳಿಗೇ ತೊಂದರೆ.”

ಅವರು ಹಳದಿ ಬಳಿದ ಸಾಲುಗಳ ಮೇಲೆ ಪೆನ್ನು ಆಡಿಸುತ್ತ ಮುಂದುವರಿಸಿದರು: “ನೀವು ಇಡೀ ದಿನ ಅಲ್ಲಿ ಕೂತಿದ್ದಿರಿ, ಸಾಹೇಬರೇ. ಎಷ್ಟು ಸೀಟಿ ಹೊಡೆಯಿತು ಅಂತ ಸಹ ಬರೆದಿದ್ದೀರಿ. ಒಬ್ಬ ಹೆಣ್ಣುಮಗಳು ಕಂಡಿದ್ದರೆ ಬರೆಯುತ್ತಿರಲಿಲ್ಲವೇ?”

ಈ ಪ್ರಶ್ನೆಯಲ್ಲಿ ವ್ಯಂಗ್ಯವಿರಲಿಲ್ಲ. ಅವರು ನಿಜವಾಗಿಯೂ ನನ್ನನ್ನು ನಂಬಿದ್ದರು. ನನ್ನ ಜೀವಮಾನದಲ್ಲಿ ಅಷ್ಟು ಸಿಟ್ಟು ಬಂದದ್ದು ಇನ್ನೊಮ್ಮೆ ಇಲ್ಲ. ಅವಳು ನನ್ನ ತಂಗಿ ಎಂದು ಹೇಳಿದೆ. ಅವರ ಮುಖದಲ್ಲಿ ಒಂದು ಸಣ್ಣ ಬದಲಾವಣೆಯಾಯಿತು. ಇಷ್ಟು ಹೊತ್ತು ಪತ್ರಕರ್ತನ ಜೊತೆ ಮಾತಾಡುತ್ತಿದ್ದವರು ಈಗ ಶಿಫಾರಸಿಗೆ ಬಂದ ಸಂಬಂಧಿಕನನ್ನು ನೋಡುತ್ತಿದ್ದರು. “ಓಹ್, ಹಾಗೆ” ಎಂದರು. ಕಡತ ಮುಚ್ಚಿದರು.

ನಾಸಿಕ್‌ಗೆ ಮರಳಿ ಸಂಪಾದಕರಿಗೆ ತಿದ್ದುಪಡಿ ಹಾಕೋಣ ಎಂದೆ. “ಏನು ತಪ್ಪಾಗಿದೆ?” ಎಂದು ಕೇಳಿದರು. ವರದಿಯನ್ನು ಮುಂದಿಟ್ಟುಕೊಂಡು ಇಬ್ಬರೂ ಸಾಲುಸಾಲಾಗಿ ಓದಿದೆವು. ತಪ್ಪು ಸಿಗಲಿಲ್ಲ. ಬಿಟ್ಟದ್ದಕ್ಕೆ ತಿದ್ದುಪಡಿ ಹಾಕುವ ಪದ್ಧತಿ ನಮ್ಮಲ್ಲಿಲ್ಲ. ಬಿಟ್ಟದ್ದನ್ನು ಸೇರಿಸಿ ಈಗ ನಾನೇ ಬರೆದರೆ ಅದು ತಂಗಿಯ ಪರ ಬರೆದಂತಾಗುತ್ತದೆ. ಸಂಪಾದಕರು ಇದನ್ನು ಹೇಳುವ ಮೊದಲೇ ನನಗೆ ಗೊತ್ತಿತ್ತು, ಆ ನಿಯಮವನ್ನು ಕಾಯುತ್ತ ಬಂದವನು ನಾನೇ.

ಮುಂದಿನ ವಾರ ತಂಗಿಯೊಂದಿಗೆ ವಿಭಾಗಕ್ಕೆ ಹೋದೆ. ಅವಳು ಕೀಲಿ, ರಿಜಿಸ್ಟರು ಒಪ್ಪಿಸಬೇಕಿತ್ತು. ಮುಖ್ಯಸ್ಥರು ಎದ್ದು ನಿಂತು ನಮ್ಮನ್ನು ಬರಮಾಡಿಕೊಂಡರು. ಕಣ್ಣು ಕೆಂಪಾಗಿದ್ದವು, ನಟನೆ ಇರಲಿಕ್ಕಿಲ್ಲ. ನನ್ನ ಕೈಯಲ್ಲಿ ಏನಿತ್ತು ಹೇಳಿ, ಸಾಮಗ್ರಿ ಖರ್ಚನ್ನೂ ಕತ್ತರಿಸಿದ್ದಾರೆ, ನಾವೂ ಮುಳುಗಿದ್ದೇವೆ ಎಂದರು. ಆಮೇಲೆ ಕುರ್ಚಿಯನ್ನು ಹತ್ತಿರ ಎಳೆದುಕೊಂಡರು.

“ಅಕ್ಕಾ, ತಿಂಗಳಿಗೆ ಎರಡೇ ದಿನ. ಬಂದು ಟ್ಯೂಬ್ ದಾಟಿಸಿಕೊಟ್ಟು ಹೋದರೆ ಸಾಕು. ವಿದ್ಯಾರ್ಥಿಗಳಿಗೆ ಕೈ ಕೂರುವವರೆಗೆ. ನೀವು ನಮ್ಮ ಮನೆಯವರೇ ಅಲ್ಲವೇ?”

ನಾನು ಬಾಯಿ ತೆರೆದೆ. ತಂಗಿ ನನ್ನ ಕಡೆ ಕೈ ಎತ್ತಿದಳು, ನೋಡಲೂ ಇಲ್ಲ. ಅವಳು ಅವರ ಜೊತೆ ಮಾತಾಡುವುದು ಮರಾಠಿ. ಆದರೆ ಅವಳ ಮರಾಠಿಯೂ ನನ್ನ ಕಿವಿಗೆ ನಮ್ಮ ಮನೆಯ ಮಾತಾಗಿಯೇ ಬೀಳುತ್ತದೆ.

“ಬರ್ತೀನ್ರಿ ಸರ್. ಒಂದು ಲೆಟರ್ ಕೊಡ್ರಿ. ಟೆಕ್ನಿಷಿಯನ್ ಅಂತ ಕರಸೀವಿ, ದಿನದ ಪಗಾರ ಇಷ್ಟು ಅಂತ ಬರೀರಿ. ನೂರು ರೂಪಾಯಿ ಬರದ್ರೂ ನಡೀತದ.”

“ಲೆಟರ್ ಹೇಗೆ ಕೊಡಲಿ, ಹುದ್ದೆಯೇ ಇಲ್ಲವಲ್ಲ. ನಮ್ಮ ನಮ್ಮಲ್ಲಿ ಕಾಗದ ಯಾಕೆ ಅಕ್ಕಾ?”

“ಕಾಗದ ಇಲ್ದನೇ ಒಂದು ವರ್ಷ ದುಡದೀನ್ರಿ. ಆ ವರ್ಷ ನಾ ಇರ್ಲೇ ಇಲ್ಲ ಅಂತ ಬರದಾರ.”

ಮುಖ್ಯಸ್ಥರು ನನ್ನ ಕಡೆ ನೋಡಿದರು, ನೀವಾದರೂ ಹೇಳಿ ಎಂಬಂತೆ. ಹೇಳಲು ನನ್ನ ಹತ್ತಿರ ಬಹಳಷ್ಟಿತ್ತು. ಅವಳ ಕೈ ಇನ್ನೂ ಮೇಲಿತ್ತು.

“ಬರದಿದ್ದರೆ ಇವೆಲ್ಲ ಸಾಯುತ್ತವೆ” ಎಂದರು ಅವರು, ಮೆಲ್ಲಗೆ.

“ಹೌದ್ರಿ. ಮೊದಲು ದ್ರಾಕ್ಷಿದು ಹೋಗ್ತಾವ, ಆಮ್ಯಾಲ ದಾಳಿಂಬ್ರಿದು. ಯಾವ್ದು ಯಾವ ತಾರೀಖಿಗಿ ದಾಟಸಬೇಕು ಅಂತ ರಿಜಿಸ್ಟರದಾಗ ಬರದೀನಿ.”

ಕೀಲಿಯನ್ನು ರಿಜಿಸ್ಟರಿನ ಮೇಲಿಟ್ಟಳು. ತನ್ನ ಕುಕ್ಕರನ್ನು ಚೀಲಕ್ಕೆ ಹಾಕಿಕೊಂಡಳು. ಮೆಟ್ಟಿಲಿಳಿಯುವಾಗ ನಾನು ಬೈಯಲು ಶುರು ಮಾಡಿದೆ, ಮುಖ್ಯಸ್ಥರನ್ನು, ಅಧಿಕಾರಿಯನ್ನು, ಸಮಿತಿಯನ್ನು.

“ನಿನ್ನ ಸಿಟ್ಟು ನಿನ್ನ ಹತ್ರ ಇಟ್ಕೋ. ನಂದು ನನಗ ಬೇಕಾದಷ್ಟದ” ಎಂದಳು. “ಮತ್ತ ಅವರೊಬ್ಬರೇ ಅಲ್ಲ. ನೀನೂ ನನ್ನ ಆ ಕಡೆ ಸರಸೀದಿ.”

ಅದಾದ ಮೇಲೆ ಕೆಲವು ದಿನ ನಾವು ಮಾತಾಡಲಿಲ್ಲ. ಅವಳು ಒಬ್ಬಳೇ ಹೋಗಿ ವಕೀಲರನ್ನು ಗೊತ್ತುಮಾಡಿದಳು. ಗುತ್ತಿಗೆ ಕೆಲಸಗಾರರ ಪ್ರಕರಣಗಳನ್ನೇ ನಡೆಸುವ ಒಬ್ಬ ಮಹಿಳೆ. ತಂಗಿಯ ಬೇಡಿಕೆ ಎರಡು: ಆ ವರ್ಷ ತಾನು ದುಡಿದದ್ದನ್ನು ಒಪ್ಪಬೇಕು, ತನ್ನನ್ನು ಕೆಲಸಕ್ಕೆ ಮರಳಿ ತೆಗೆದುಕೊಳ್ಳಬೇಕು.

ಕೇಸು ಹಾಕಿದ ಕೆಲವು ತಿಂಗಳ ಮೇಲೆ ನನ್ನನ್ನು ಕರೆಸಿದ್ದು ವಕೀಲರು. ಮೇಜಿನ ಮೇಲೆ ವಿಶ್ವವಿದ್ಯಾಲಯ ಸಲ್ಲಿಸಿದ ಉತ್ತರವಿತ್ತು, ಅದರ ಹಿಂದೆ ದಾಖಲೆಗಳು. ಮೊದಲ ದಾಖಲೆ ನನ್ನ ವರದಿ.

“ಅವರು ಇದನ್ನು ತಮ್ಮ ಸಾಕ್ಷ್ಯವಾಗಿ ಹಾಕಿದ್ದಾರೆ” ಎಂದರು ವಕೀಲರು. “ನಮ್ಮ ಹತ್ತಿರ ಏನಿದೆ ಹೇಳಿ. ಹಾಜರಿಯಲ್ಲಿ ಸಹಿ ಇಲ್ಲ. ಸಂಬಳದ ಚೀಟಿ ಇಲ್ಲ. ವಾಟ್ಸಾಪ್ ನೋಡಿದೆ. ಇವರ ಸರ್ ಎಲ್ಲವನ್ನೂ ಫೋನಿನಲ್ಲೇ ಹೇಳುತ್ತಿದ್ದರಂತೆ. ಬರೆದು ಕಳಿಸಿದ್ದು ದಿನವೂ ಒಂದು ಹೂವಿನ ಚಿತ್ರ, ಶುಭೋದಯ ಅಂತ. ಟ್ಯೂಬಿನ ಚೀಟಿಗಳಲ್ಲಿ ಇವರ ಅಕ್ಷರ ಇದೆ, ಆದರೆ ಟ್ಯೂಬುಗಳು ಅವರ ವಶದಲ್ಲಿವೆ. ಒಣಗಿದವನ್ನು ತೊಳೆದು ಇಟ್ಟಿದ್ದೇವೆ ಅಂತ ಉತ್ತರ ಬಂದಿದೆ.”

ತೊಳೆದು ಇಟ್ಟಿದ್ದಾರೆ. ದ್ರಾಕ್ಷಿಯ ತಳಿಗಳು ಹೋದವು ಎಂದು ನನಗೆ ಗೊತ್ತಾದದ್ದು ಹಾಗೆ. ತಂಗಿ ಕಿಟಕಿಯ ಕಡೆ ನೋಡುತ್ತ ಕೂತಿದ್ದಳು. ಈ ಸಲ ದಿಂಡೋರಿಯ ಬೆಳೆಗಾರರು ಎಲೆ ತೆಗೆದುಕೊಂಡು ಹೋದಾಗ ವಿಭಾಗ ಅವರನ್ನು ಪುಣೆಯ ಖಾಸಗಿ ಪ್ರಯೋಗಾಲಯಕ್ಕೆ ಕಳಿಸಿತು ಎಂದು ಆಮೇಲೆ ನಮ್ಮದೇ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಓದಿದೆ.

ಹೋಟೆಲಿನ ಮಾಲೀಕರು ಸಾಕ್ಷಿ ಹೇಳಲು ಒಪ್ಪಿದ್ದಾರೆ. “ಬಟಾಟೆ ನೀರಿಗೂ ಕೋರ್ಟಿಗೆ ಹೋಗುವ ಕಾಲ ಬಂತಲ್ಲ ಮಾರಾಯ್ರೆ. ಬರ್ತೇನೆ. ಅಡುಗೆಭಟ್ಟನನ್ನೂ ಕರ್ಕೊಂಡು ಬರ್ತೇನೆ” ಎಂದರಂತೆ. ಅವರ ಮಾತಿಗೆ ತೂಕವಿದೆ ಎಂದರು ವಕೀಲರು, ಅವರು ಹೊರಗಿನವರು. ಆದರೆ ಅವಳು ನೀರು ಒಯ್ದದ್ದನ್ನು ಮಾತ್ರ ಅವರು ನೋಡಿದ್ದಾರೆ. ಪ್ರಯೋಗಾಲಯದೊಳಗೆ ಅವಳು ಮಾಡಿದ ಕೆಲಸವನ್ನು ನೋಡಿದ, ಅಲ್ಲಿಂದ ಸಂಬಳವನ್ನೋ ಪದವಿಯನ್ನೋ ಪಡೆಯಬೇಕಿಲ್ಲದ, ಸಾಕ್ಷಿ ಹೇಳಬಲ್ಲ ವ್ಯಕ್ತಿ ಒಬ್ಬನೇ, ನಾನು.

ನಾನು ಅಫಿಡವಿಟ್ ಬರೆದೆ. ವಕೀಲರು ಬರೆದುಕೊಡುತ್ತೇನೆ ಎಂದರೂ ನಾನೇ ಬರೆದೆ. ಆ ದಿನ ಬೆಳಿಗ್ಗೆ ಎಷ್ಟು ಗಂಟೆಗೆ ಒಳಗೆ ಹೋದೆ, ತಂಗಿ ಯಾವ ಮೇಜಿನ ಬಳಿ ಇದ್ದಳು, ಏನೇನು ಮಾಡಿದಳು, ಯಾರ್ಯಾರ ಬಾಯಿಂದ ನಾನು ಪಡೆದ ಯಾವ ಮಾತು ಮೊದಲು ಅವಳದಾಗಿತ್ತು, ಎಲ್ಲವನ್ನೂ ಬರೆದೆ. ಹಳೆಯ ನೋಟ್‌ಪ್ಯಾಡಿನಲ್ಲಿ ಅದರ ಗುರುತುಗಳಿದ್ದವು. ಅವಳನ್ನು ಯಾಕೆ ಬಿಟ್ಟೆ ಎಂಬ ಒಂದು ಪ್ಯಾರಾ ಮಾತ್ರ ನಾಲ್ಕು ಸಲ ಹರಿದು ಬರೆದೆ. ಮೊದಲ ಮೂರು ಸಲ ಅದರಲ್ಲಿ ನಾನು ಒಳ್ಳೆಯವನಾಗಿ ಕಾಣುತ್ತಿದ್ದೆ.

ವಕೀಲರು ಓದಿ ತಲೆಯಾಡಿಸಿದರು. “ಇದು ನಿಲ್ಲುತ್ತದೋ ಇಲ್ಲವೋ ಹೇಳಲಾರೆ. ತಂಗಿ ಅಂತ ಬಿಟ್ಟಿರಿ. ಈಗ ತಂಗಿ ಅಂತಲೇ ಹೇಳುತ್ತಿದ್ದೀರಿ ಅಂತಾರೆ. ಎರಡರಲ್ಲಿ ಯಾವಾಗ ಸುಳ್ಳಾಡಿದಿರಿ ಅಂತ ಕೇಳುತ್ತಾರೆ.” ಆಮೇಲೆ ಪೆನ್ನಿನಿಂದ ಮೇಜು ತಟ್ಟಿದರು. “ಮೊದಲ ಪ್ರಶ್ನೆ ಯಾವುದು ಅಂತ ಈಗಲೇ ಹೇಳುತ್ತೇನೆ. ನೀವು ಅರ್ಜಿದಾರರ ಅಣ್ಣನೇ? ಹೌದು ಅನ್ನಬೇಕು. ಅದರ ಹಿಂದೆ ಮುಂದೆ ಒಂದು ಮಾತೂ ಸೇರಿಸಬಾರದು. ವಿವರಣೆ ಕೊಡಲು ಹೋಗಬೇಡಿ.”

ಸರಿ ಎಂದೆ.

ತಂಗಿ ಆಗ ಕಿಟಕಿಯಿಂದ ಮುಖ ತಿರುಗಿಸಿದಳು. ಅಷ್ಟು ಹೊತ್ತಿನಲ್ಲಿ ನನ್ನ ಕಡೆ ನೋಡಿದ್ದು ಅದೇ ಮೊದಲು.

“ಅಷ್ಟಾದ್ರೂ ಹೇಳ್ತಿ ಇಲ್ಲೋ?” ಎಂದಳು.

ಹೇಳುತ್ತೇನೆ ಎಂದೆ. ನನ್ನ ಸಾಕ್ಷ್ಯಕ್ಕೆ ತಾರೀಖು ಇನ್ನೂ ಕೊಟ್ಟಿಲ್ಲ.